ಸಂರಂಭದಿಂದ ಸಂತೆಯವರೆಗೆ: ಕಾಂತಿಲೇಪನಗಳ ಅಹಿಂಸಾಪರೀಕ್ಷೆ

ಹೊಸದೊಂದು ಚರ್ಮಲೇಪನವು ಅಂಗಡಿಯನ್ನು ಸೇರುವಾಗ ಅದರ ಡಬ್ಬಿಯ ಮೇಲೆ ಸಾಮಾನ್ಯವಾಗಿ ಎರಡು ಮಾತುಗಳು ಕಾಣಿಸುತ್ತವೆ. 'ನೈಸರ್ಗಿಕ' ಎಂಬುದು ಒಂದು. 'ಪ್ರಾಣಿಗಳ ಮೇಲೆ ಪ್ರಯೋಗಿಸಿಲ್ಲ' ಎಂಬುದು ಇನ್ನೊಂದು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಮನೆತನಗಳು ಇವೆರಡನ್ನು ಓದಿ ಸಮಾಧಾನಗೊಳ್ಳುವುದುಂಟು. ಆ ಸಮಾಧಾನಕ್ಕೆ ಆಧಾರವೆಷ್ಟು ಎಂಬುದನ್ನು ಕೊಡಗಿನ ಪದಾರ್ಥಗಳ ಮೂಲಕವೇ ಪರಿಶೀಲಿಸಬಹುದು. ಜೇನು, ಜೇನುಮೇಣ, ಶ್ರೀಗಂಧ, ಕಾಫಿ ಎಲ್ಲವೂ ಆ ಜಿಲ್ಲೆಯಲ್ಲಿ ದೊರೆಯುತ್ತವೆ; ಎಲ್ಲವೂ ಲೇಪನಗಳ ತಯಾರಿಕೆಗೆ ಒದಗುತ್ತವೆ. ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನಲ್ಲಿ 11ನೆಯ ಶತಮಾನದ ಕೊಂಗಾಳ್ವರ ಕಾಲದ ಬಸದಿಗಳು ಇಂದಿಗೂ ನಿಂತಿರುವುದರಿಂದ, ಆ ನೆಲಕ್ಕೆ ಶ್ರಾವಕಾಚಾರದ ಪ್ರಶ್ನೆಗಳು ಹೊಸವೂ ಅಲ್ಲ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಕರ್ಮಾಸ್ರವದ ಆಧಾರವನ್ನು ಹೇಳುವಾಗ ಕೃತ್ಯವನ್ನು ಮೂರು ಹಂತಗಳಾಗಿ ವಿಂಗಡಿಸುತ್ತದೆ. ಮಾಡಬೇಕೆಂಬ ಸಂಕಲ್ಪವು ಸಂರಂಭ. ಅದಕ್ಕೆ ಬೇಕಾದ ಸಾಧನಗಳನ್ನು ಕೂಡಿಸುವುದು ಸಮಾರಂಭ. ಕಾರ್ಯಕ್ಕೆ ತೊಡಗುವುದು ಆರಂಭ. ಇವನ್ನು ಮನ, ವಚನ, ಕಾಯಗಳಿಂದಲೂ, ಕೃತ, ಕಾರಿತ, ಅನುಮತಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದಾಗ 108 ಭೇದಗಳಾಗುತ್ತವೆ. ಒಂದು ಉತ್ಪನ್ನವು ಕಲ್ಪನೆಯಿಂದ ಮಾರುಕಟ್ಟೆಯವರೆಗೆ ಸಾಗುವ ದಾರಿಯೂ ಇದೇ ಕ್ರಮದ್ದು. ಮೊದಲು ಏನನ್ನು ಯಾರಿಗಾಗಿ ಮಾಡಬೇಕೆಂಬ ಯೋಚನೆ; ಬಳಿಕ ಪದಾರ್ಥಗಳ ಆಯ್ಕೆ, ಮಿಶ್ರಣದ ಪಾಕ, ಚರ್ಮಕ್ಕೆ ಒಗ್ಗುವುದೇ, ಕೆಡದೆ ಉಳಿಯುವುದೇ ಎಂಬ ಪರೀಕ್ಷೆಗಳು; ಕೊನೆಗೆ ಕಾರ್ಖಾನೆಯ ತಯಾರಿಕೆ ಮತ್ತು ಮಾರಾಟ. ಡಬ್ಬಿಯ ಮೇಲಿನ ಮಾತು ಇವುಗಳಲ್ಲಿ ಯಾವ ಹಂತಕ್ಕೆ ಉತ್ತರ ಕೊಡುತ್ತದೆ ಎಂಬುದೇ ವಿಮರ್ಶೆಯ ಮೊದಲ ಪ್ರಶ್ನೆ.

ಭಾರತ ಸರ್ಕಾರವು 2014ರಲ್ಲಿ ಸೌಂದರ್ಯಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಿಷೇಧಿಸಿತು. ಹಾಗೆ ಪರೀಕ್ಷಿಸಿದವುಗಳ ಆಮದನ್ನೂ ಅದೇ ವರ್ಷ ತಡೆಯಿತು. ಇದು ಅಭಿನಂದನೀಯ. ಆದರೆ ಇದು ಪರೀಕ್ಷೆಯ ಹಂತವೊಂದನ್ನೇ ಮುಟ್ಟುತ್ತದೆ. ಲೇಪನದೊಳಗೆ ಏನಿದೆ ಎಂಬುದನ್ನು ಹೇಳುವುದಿಲ್ಲ. ಇನ್ನು, ಆಹಾರದ ಪೊಟ್ಟಣದ ಹಸಿರು ಚಿಹ್ನೆಯ ಅಳತೆಯನ್ನೇ ಲೇಪನಕ್ಕೂ ಹಿಡಿಯೋಣವೆಂದರೆ ಅಲ್ಲಿಯೂ ತೊಡಕಿದೆ. 2020ರ ಆಹಾರ ಲೇಬಲ್ ನಿಯಮಗಳು ಮಾಂಸಾಹಾರದ ವ್ಯಾಖ್ಯೆಯಿಂದ ಹಾಲಿನೊಂದಿಗೆ ಜೇನು, ಜೇನುಮೇಣ, ಅರಗುಗಳನ್ನೂ ಹೊರಗಿಟ್ಟಿವೆ. ಶ್ರಾವಕನ ಮೂಲಗುಣಗಳಲ್ಲಿ ಮದ್ಯಮಾಂಸಗಳ ಜೊತೆಗೆ ಮಧುವಿನ ತ್ಯಾಗವೂ ಸೇರಿದೆ. ಕಾನೂನಿನ ಸಸ್ಯಾಹಾರವೂ ಶ್ರಾವಕನ ಸಸ್ಯಾಹಾರವೂ ಒಂದೇ ಅಲ್ಲ.

ಜೇನುಮೇಣದ ಸಂಗತಿಯನ್ನೇ ನೋಡಬೇಕು. ಎಣ್ಣೆ ಮತ್ತು ನೀರು ತಾವಾಗಿ ಕೂಡಿರುವುದಿಲ್ಲ. ಅವನ್ನು ಗಟ್ಟಿಯಾಗಿ ಹಿಡಿದು ನುಣುಪು ಕೊಡಲು ಹಳೆಯ ಕೋಲ್ಡ್ ಕ್ರೀಮಿನ ಪಾಕದಲ್ಲಿ ಜೇನುಮೇಣ ಮತ್ತು ಬೋರಾಕ್ಸ್ ಬಳಕೆಯಾದವು. ಈ ಮೇಣವು ಕೆಲಸಗಾರ ನೊಣದ ಹೊಟ್ಟೆಯ ಅಡಿಯ ಗ್ರಂಥಿಗಳಿಂದ ತೆಳು ಹಲ್ಲೆಗಳಾಗಿ ಒಸರುವಂಥದು; ನೊಣವು ಅದರಿಂದ ಮರಿಗಳ ಮನೆಯನ್ನು ಕಟ್ಟುತ್ತದೆ. ಹೆಜ್ಜೇನಿನ ತಟ್ಟಿಯನ್ನು ಹೊಗೆ ಹಾಕಿ ಕಡಿದು ಹಿಂಡುವಲ್ಲಿ ಮರಿಹುಳುಗಳು ಸಾಯುತ್ತವೆ. ತುಡುವೆ ಸಾಕುವವರು ಯಂತ್ರದಲ್ಲಿ ಜೇನು ತೆಗೆದು ಎರಿಯನ್ನು ಪೆಟ್ಟಿಗೆಗೆ ಮರಳಿಸುತ್ತಾರೆ. ಅಲ್ಲಿ ದೊರೆಯುವ ಮೇಣವು ಕಣಗಳ ಮುಚ್ಚಳದ್ದು ಮತ್ತು ಹಳೆಯ ಎರಿಯದು ಮಾತ್ರ. ಹಿಂಸೆಯ ಪ್ರಮಾಣದಲ್ಲಿ ಇವೆರಡು ಸಮವಲ್ಲವೆಂದು ಒಪ್ಪುವುದು ನ್ಯಾಯ. ಆದರೆ ಲೇಪನದ ಡಬ್ಬಿಯು ಈ ಭೇದವನ್ನು ತಿಳಿಸುವುದಿಲ್ಲ. 'ನೈಸರ್ಗಿಕ' ಎಂಬ ಒಂದೇ ಪದ ಎರಡನ್ನೂ ಮುಚ್ಚುತ್ತದೆ.

ಜೇನು ಸಾಕಣೆ ಬಡವನ ಜೀವನೋಪಾಯವಲ್ಲವೇ ಎಂದು ಕೇಳಬಹುದು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣುರೋಗವು ದಕ್ಷಿಣ ಭಾರತದ ತುಡುವೆ ಕುಟುಂಬಗಳ ಬಹುಭಾಗವನ್ನು ಅಳಿಸಿದಾಗ ಸಾಕಣೆಗಾರರು ಪಟ್ಟ ಕಷ್ಟ ಸಣ್ಣದಲ್ಲ. ಜೈನಾಚಾರವು ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ಎಣಿಸಿ, ಜೀವನಕ್ಕೆ ಅನಿವಾರ್ಯವಾದುದನ್ನು ಯತ್ನಪೂರ್ವಕ ಕಡಿಮೆಮಾಡಲು ಹೇಳುತ್ತದೆ. ಹೊಲದವನಿಗೆ ದೊರೆಯುವ ಈ ವಿನಾಯಿತಿಯು ಲೇಪನದ ತಯಾರಕನಿಗೆ ದೊರೆಯಲಾರದು. ಏಕೆಂದರೆ ಅವನ ಮುಂದೆ ಬದಲಿ ಪದಾರ್ಥಗಳಿವೆ: ಅಕ್ಕಿ ತೌಡಿನ ಮೇಣವಿದೆ, ತಾಳೆಯ ಜಾತಿಯ ಮರದ ಎಲೆಯಿಂದ ಬರುವ ಕಾರ್ನೌಬಾ ಮೇಣವಿದೆ, ಉತ್ತರ ಕನ್ನಡದ ಮನೆಗಳಲ್ಲಿ ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲ ತುಪ್ಪವಿದೆ. ತಪ್ಪಿಸಬಹುದಾದುದನ್ನು ತಿಳಿದೂ ತಪ್ಪಿಸದಿದ್ದರೆ ಅದಕ್ಕೆ ಅನಿವಾರ್ಯವೆಂಬ ಹೆಸರು ಸಲ್ಲದು.

ಹಾಗೆಂದು ಸಸ್ಯಮೂಲವಾದುದೆಲ್ಲ ನಿರ್ದೋಷಿಯೂ ಅಲ್ಲ. ಮೊದಲ ಮಹಾಯುದ್ಧದಲ್ಲಿ ಯೂರೋಪಿಗೆ ಗಂಧದ ಕೊರಡಿನ ರಫ್ತು ನಿಂತಾಗ ಮೈಸೂರು ಸಂಸ್ಥಾನವು 1916ರಲ್ಲಿ ಗಂಧದೆಣ್ಣೆಯ ತಯಾರಿಕೆಗೆ ತೊಡಗಿತು. ಅದರ ಬೆನ್ನಿಗೆ ಬಂದ ಸಾಬೂನು ನಾಡಿನ ಹೆಮ್ಮೆಯಾಯಿತು. ಆದರೆ ಎಣ್ಣೆ ಇರುವುದು ಮರದ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಆದ್ದರಿಂದ ಮರವನ್ನು ಬುಡಸಹಿತ ಕೀಳಬೇಕು. ಬಲಿಯಲು ದಶಕಗಳೇ ಬೇಕಾದ ಮರಕ್ಕೆ ಬೇಡಿಕೆಯ ವೇಗವನ್ನು ತಾಳುವ ಶಕ್ತಿಯಿಲ್ಲ. ಕಳ್ಳಸಾಗಣೆಯೂ ಸೇರಿ ಕಾಡಿನ ಶ್ರೀಗಂಧ ಇಂದು ವಿರಳವಾಗಿದೆ. ಏಕೇಂದ್ರಿಯ ಜೀವದ ವಿಷಯದಲ್ಲೂ ಮಿತಿ ಬೇಕೆಂಬ ಉಪದೇಶಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಡ.

ಕಾಫಿಯ ಪಕ್ಷ ಇವುಗಳಿಗಿಂತ ಪ್ರಬಲವಾಗಿದೆ. ಹಸಿ ಬೀಜದ ಎಣ್ಣೆ, ಸೋಸಿ ಉಳಿದ ಚರಟ, ಹಣ್ಣಿನ ಸಿಪ್ಪೆ ಇವು ಲೇಪನಗಳಿಗೆ ಒದಗುತ್ತವೆ; ಬಿಸಾಡುವ ವಸ್ತುವನ್ನು ಉಪಯೋಗಕ್ಕೆ ತರುವುದರಲ್ಲಿ ಹೊಸ ಜೀವಹಾನಿ ಅಲ್ಪ. ಆದರೂ ಹಣ್ಣನ್ನು ಪಲ್ಪ್ ಮಾಡಿದ ನೀರು ಹಾಗೆಯೇ ತೋಡಿಗೆ ಸೇರಿದರೆ ಜಲಚರಗಳಿಗೆ ಉಸಿರಿರದು. ಮತ್ತೊಂದು ಸಂಗತಿಯೂ ಉಂಟು: ರೋಬಸ್ಟಾ ಗಿಡವು ತನ್ನದೇ ಪರಾಗದಿಂದ ಕಾಯಿ ಕಟ್ಟಲಾರದು, ಕೊಡಗಿನ ತೋಟಗಳಲ್ಲಿ ಹೆಜ್ಜೇನು, ತುಡುವೆಗಳು ಅದಕ್ಕೆ ನೆರವಾಗುತ್ತವೆ. ಒಂದು ಲೇಪನಕ್ಕಾಗಿ ನೊಣದ ಮನೆಯನ್ನು ಕೆಡಿಸಿದವರು ಇನ್ನೊಂದು ಲೇಪನದ ಮೂಲವನ್ನೂ ಕೆಡಿಸಿದಂತೆಯೇ. ಜೀವಗಳು ಪರಸ್ಪರ ಉಪಕಾರಿಗಳೆಂಬ ಮಾತು ಇಲ್ಲಿ ಕಣ್ಣೆದುರಿನ ಕೃಷಿಸತ್ಯ.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಸಂರಂಭದ್ದು. ಒಡೆದ ಚರ್ಮದ ನೋವನ್ನು ಶಮನಗೊಳಿಸುವ ಯೋಚನೆಯಿಂದ ಹುಟ್ಟಿದ ಲೇಪನ ಬೇರೆ. ಮೈಬಣ್ಣವನ್ನು ಕುಂದೆಂದು ನಂಬಿಸಿ ಬೇಡಿಕೆಯನ್ನು ಸೃಷ್ಟಿಸುವ ಲೇಪನ ಬೇರೆ. ಎರಡನೆಯದರ ಪದಾರ್ಥಗಳೆಲ್ಲ ಶುದ್ಧವಾಗಿದ್ದರೂ ಅದರ ಬೀಜದಲ್ಲೇ ಮಾನ, ಮಾಯಾ, ಲೋಭಗಳಿವೆ.

ಕೊಳ್ಳುವವನು ಅನುಮೋದಕನಾದುದರಿಂದ ಹೊಣೆ ಅವನಿಗೂ ಉಂಟು. ಯಾತ್ರಿನಿವಾಸಗಳಿಗೆ ಸಾಬೂನನ್ನು ಸಗಟಾಗಿ ಕೊಳ್ಳುವ ಬಸದಿಯ ವಿಶ್ವಸ್ತಮಂಡಳಿಗಳು ಕೊಬ್ಬು ಯಾವ ಮೂಲದ್ದು, ಮೇಣ ಯಾವುದು, ಗ್ಲಿಸರಿನ್ ಎಲ್ಲಿಯದು, ತ್ಯಾಜ್ಯದ ನೀರು ಎಲ್ಲಿಗೆ ಹೋಗುತ್ತದೆ ಎಂದು ತಯಾರಕರಿಂದ ಲಿಖಿತ ಉತ್ತರವನ್ನು ಕೇಳಿ ಪಡೆಯಬಹುದು. ಗೃಹಿಣಿಯೊಬ್ಬಳ ಪ್ರಶ್ನೆಗೆ ಕಿವಿಗೊಡದ ತಯಾರಕನು ಸಂಘಟಿತ ಗ್ರಾಹಕರ ಪ್ರಶ್ನೆಯನ್ನು ಅಲಕ್ಷಿಸಲಾರನು. ಉತ್ತರ ಬಾರದಿದ್ದಲ್ಲಿ ಆ ಮೌನವನ್ನೇ ಉತ್ತರವೆಂದು ತಿಳಿದು ಕೊಳ್ಳದೆ ಇರುವುದು ಶ್ರಾವಕೋಚಿತವಾದ ನಡೆ.