ಬೊಂಬೆಯ ಮನೆಯಿಂದ ಹೊರಬಾಗಿಲಿಗೆ

ನಾರ್ವೆಯ ನಾಟಕಕಾರ ಹೆನ್ರಿಕ್ ಇಬ್ಸನ್ನನ 'ಬೊಂಬೆಯ ಮನೆ' ಮೊದಲ ಪ್ರಯೋಗ ಕಂಡುದು 1879ರ ಡಿಸೆಂಬರ್ 21ರಂದು, ಕೋಪನ್‌ಹೇಗನ್ನಿನಲ್ಲಿ. ಪತಿಯನ್ನೂ ಮೂವರು ಮಕ್ಕಳನ್ನೂ ತೊರೆದು ಹೊರಡುವ ನೋರಾಳ ನಿರ್ಧಾರವು ಅಂದಿನಿಂದಲೂ ವಿವಾದಾಸ್ಪದವಾಗಿದೆ. ಗಂಡ ಬೇಡವೆಂದ ಸಿಹಿತಿನಿಸನ್ನು ಬಚ್ಚಿಟ್ಟು ತಿನ್ನುವ ಹುಡುಗಾಟದ ಹೆಣ್ಣು ಮೂರನೆಯ ಅಂಕದಲ್ಲಿ ವಿಚಾರವಂತೆಯಾಗುವುದು ಅಸಹಜವೆಂಬ ಆಕ್ಷೇಪಣೆಯುಂಟು. ನಾಟಕವನ್ನು ಸಾವಧಾನವಾಗಿ ಪರಿಶೀಲಿಸಿದವರಿಗೆ ಈ ಆಕ್ಷೇಪಣೆ ನಿಲ್ಲಲಾರದೆಂಬುದು ವೇದ್ಯವಾಗುತ್ತದೆ.

ಪತಿ ಹೆಲ್ಮರನ ಪ್ರಾಣರಕ್ಷಣೆಗೆ ಇಟಲಿಯ ವಾಸ ಅವಶ್ಯವಾದಾಗ ನೋರಾ ಗುಟ್ಟಾಗಿ ಸಾಲ ತರುತ್ತಾಳೆ. ಪತಿಯ ಸಮ್ಮತಿಯಿಲ್ಲದೆ ಪತ್ನಿಗೆ ಸಾಲ ದೊರೆಯದ ಕಾಲವದು. ಜಾಮೀನಿಗಾಗಿ ತಂದೆಯ ಸಹಿಯನ್ನು ಅವಳೇ ಹಾಕುತ್ತಾಳೆ. ತಂದೆ ತೀರಿಕೊಂಡುದು ಸೆಪ್ಟೆಂಬರ್ 29ರಂದು. ಸಹಿಯ ತಾರೀಖು ಅಕ್ಟೋಬರ್ 2! ಕಾನೂನು ಅಪರಾಧವೆನ್ನುವುದನ್ನು ಅವಳು ಪ್ರೇಮದ ಕರ್ತವ್ಯವೆಂದು ನಂಬಿದ್ದಳು. ಸಾಲ ತೀರಿಸಲು ಉಡುಪಿನ ಹಣದಲ್ಲಿ ಉಳಿಸಿದಳು. ಚಳಿಗಾಲದ ರಾತ್ರಿಗಳಲ್ಲಿ ಕದವಿಕ್ಕಿಕೊಂಡು ಪ್ರತಿ ಮಾಡುವ ಕೆಲಸದಲ್ಲಿ ದುಡಿದಳು. ದಣಿವಿನ ನಡುವೆಯೂ ಗಳಿಕೆಯ ಹಿಗ್ಗನ್ನು ಸವಿದಳು. ಸ್ವಾತಂತ್ರ್ಯದ ಬೀಜ ಬಿದ್ದುದು ಇಲ್ಲಿಯೇ. ಅಂದು ಒಳಗಿನಿಂದ ಮುಚ್ಚಿದ ಆ ಕದವು ಕೊನೆಗೆ ಅವಳ ಹಿಂದೆ ಮುಚ್ಚುವ ಹೊರಬಾಗಿಲಿಗೆ ಪೀಠಿಕೆಯಾಗಿದೆ.

ಗುಟ್ಟು ಬಯಲಾದಾಗ ಹೆಲ್ಮರ್ ತನ್ನ ಮಾನವನ್ನು ಮಾತ್ರ ನೆನೆಯುತ್ತಾನೆ; ಮಕ್ಕಳನ್ನು ಬೆಳೆಸಲು ನೋರಾ ಅಯೋಗ್ಯಳೆನ್ನುತ್ತಾನೆ. ಸಾಲಪತ್ರ ಹಿಂದಿರುಗಿದೊಡನೆ ಕ್ಷಮಿಸಿದೆನೆನ್ನುತ್ತಾನೆ. ಆ ಬೈಗುಳಕ್ಕಿಂತಲೂ ಈ ಕ್ಷಮೆಯೇ ಅವಳ ಕಣ್ಣು ತೆರೆಯಿಸುತ್ತದೆ. ನೃತ್ಯದ ವೇಷವನ್ನು ಕಳಚಿ, ನಿತ್ಯದ ಉಡುಪು ಧರಿಸಿ, ಎಂಟು ವರ್ಷಗಳ ದಾಂಪತ್ಯದಲ್ಲಿ ಮೊದಲ ಬಾರಿಗೆ ಪತಿಯೊಡನೆ ಗಂಭೀರವಾಗಿ ಮಾತನಾಡಲು ಕುಳಿತುಕೊಳ್ಳುತ್ತಾಳೆ.

1880ರಲ್ಲಿ ಜರ್ಮನಿಯ ನಟಿಯೊಬ್ಬಳು ಈ ಮುಕ್ತಾಯವನ್ನು ಅಭಿನಯಿಸಲು ಒಪ್ಪಲಿಲ್ಲ. ಅನ್ಯರು ಕೈಯಾಡಿಸುವುದಕ್ಕಿಂತ ತಾನೇ ಬದಲಿಸುವುದು ಲೇಸೆಂದು ಇಬ್ಸನ್ ಬೇರೊಂದು ಮುಕ್ತಾಯ ಬರೆದುಕೊಟ್ಟನು. ಅದರಲ್ಲಿ ನೋರಾ ಮಲಗಿದ ಮಕ್ಕಳನ್ನು ಕಂಡು ಬಾಗಿಲ ಬಳಿ ಕುಸಿಯುತ್ತಾಳೆ. ಅದು ಕೃತಿಗೆ ಬಗೆದ ಅಪಚಾರವೆಂದು ಕವಿಯೇ ಹೇಳಿದ್ದುಂಟು. ಮಕ್ಕಳ ಅಗಲಿಕೆಯ ನೋವು ಮೂಲದಲ್ಲಿಯೂ ಇಲ್ಲದಿಲ್ಲ. ಆದರೆ ತನ್ನನ್ನೇ ಅರಿಯದವಳು ಮಕ್ಕಳಿಗೆ ಏನನ್ನು ಕಲಿಸಬಲ್ಲಳೆಂಬ ಪ್ರಶ್ನೆ ಆ ನೋವಿಗಿಂತ ಹಿರಿದಾಗಿ ನಿಲ್ಲುತ್ತದೆ.

1888ರಲ್ಲಿ ನಾರ್ವೆಯ ಕಾನೂನು ವಿವಾಹಿತೆಗೆ ತನ್ನ ಗಳಿಕೆಯ ಮೇಲೆ ಅಧಿಕಾರವಿತ್ತಿತು. ಗಳಿಕೆಯ ಹಕ್ಕನ್ನು ಶಾಸನ ಕೊಡಬಲ್ಲುದು. ತನ್ನನ್ನು ತಾನರಿಯುವ ಹೊಣೆಯನ್ನು ಮಾತ್ರ ಅವಳೇ ಹೊರಬೇಕು. ನೋರಾ ಹೊರಗೆ ಕಾಲಿಡುವುದು ಆ ಹೊಣೆಯನ್ನು ಹೊತ್ತು. ಇದನ್ನು ಗೃಹಧರ್ಮದ ನಿರಾಕರಣೆಯೆನ್ನುವವರು, ಆ ಮನೆಯಲ್ಲಿ ಧರ್ಮವೆಂಬುದು ಇದ್ದಿತೇ ಎಂದು ಮೊದಲು ಕೇಳಿಕೊಳ್ಳುವುದು ಉಚಿತ.