ನಾಲ್ಕು ಎತ್ತುಗಳ ಬೆಲೆ: ಗ್ರೀಕ್ ಮತ್ತು ರೋಮನ್ ಮಹಾಕಾವ್ಯಗಳಲ್ಲಿ ಸೆರೆಯ ಹೆಣ್ಣು

ಇಲಿಯಡ್ ಮಹಾಕಾವ್ಯದ 23ನೆಯ ಸರ್ಗದಲ್ಲಿ ಅಕಿಲೀಸ್ ತನ್ನ ಗೆಳೆಯ ಪ್ಯಾಟ್ರೊಕ್ಲಸ್‌ನ ಉತ್ತರಕ್ರಿಯೆಯ ಅಂಗವಾಗಿ ಕ್ರೀಡಾಸ್ಪರ್ಧೆಗಳನ್ನು ಏರ್ಪಡಿಸುತ್ತಾನೆ. ಮಲ್ಲಯುದ್ಧದಲ್ಲಿ ಗೆದ್ದವನಿಗೆ ಬೆಂಕಿಯ ಮೇಲಿಡುವ ದೊಡ್ಡದೊಂದು ಮುಕ್ಕಾಲಿ ಪಾತ್ರೆ. ನೆರೆದ ಗ್ರೀಕರು ಅದಕ್ಕೆ 12 ಎತ್ತುಗಳ ಬೆಲೆ ಕಟ್ಟುತ್ತಾರೆ. ಸೋತವನಿಗೆ ಹಲವು ಕೆಲಸಗಳಲ್ಲಿ ನುರಿತ ಒಬ್ಬ ಹೆಂಗಸು. ಅವಳ ಬೆಲೆ 4 ಎತ್ತು. ಒಡಿಸಿಯಸ್ ಮತ್ತು ಏಜಾಕ್ಸ್ ಹೋರಾಡಿ ಯಾರೂ ಗೆಲ್ಲದಿರಲು, ಬಹುಮಾನಗಳನ್ನು ಸಮವಾಗಿ ತೆಗೆದುಕೊಳ್ಳಿರೆಂದು ಹೇಳಿ ಅಕಿಲೀಸ್ ಸ್ಪರ್ಧೆಯನ್ನು ನಿಲ್ಲಿಸುತ್ತಾನೆ. ಒಂದು ಪಾತ್ರೆಯನ್ನೂ ಒಬ್ಬ ಹೆಂಗಸನ್ನೂ ಇಬ್ಬರು ಸಮವಾಗಿ ಹಂಚಿಕೊಳ್ಳುವುದು ಹೇಗೆಂಬುದನ್ನು ಕಾವ್ಯ ಹೇಳುವುದಿಲ್ಲ. ಆ ಹೆಂಗಸಿಗೆ ಹೆಸರಿಲ್ಲ. ಅವಳು ಮತ್ತೆ ಕಾಣಿಸಿಕೊಳ್ಳುವುದೂ ಇಲ್ಲ.

ಗ್ರೀಕ್ ಮತ್ತು ರೋಮನ್ ಮಹಾಕಾವ್ಯಗಳಲ್ಲಿ ಸ್ತ್ರೀಯ ಸ್ಥಾನವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ರಾಣಿಯರ ಸುತ್ತ ನಡೆಯುತ್ತದೆ. ಪೆನೆಲೊಪಿಯ ನಿಷ್ಠೆ, ಹೆಲೆನ್‌ಳ ಅಪರಾಧ, ಆಂಡ್ರೊಮಕಿಯ ದುಃಖ, ಡೈಡೋಳ ಪ್ರೇಮ ಇವು ಅದರ ಪರಿಚಿತ ವಿಷಯಗಳು. ಈ ಬಗೆಯ ಓದಿನಲ್ಲಿ ಹೆಣ್ಣು ಆದರ್ಶವಾಗಿಯೋ ಆಮಿಷವಾಗಿಯೋ ತೋರುತ್ತಾಳೆ. ಆದರೆ ವೀರನ ಕೀರ್ತಿಯನ್ನು ಅಳೆಯುವ ಅಳತೆಗೋಲು ಸೆರೆಯಾಳಾದ ಹೆಣ್ಣು. ಅವಳಿಂದ ಓದತೊಡಗಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಮಹಾಕಾವ್ಯ ಹೆಣ್ಣನ್ನು ವಸ್ತುವಾಗಿ ಎಣಿಸುತ್ತದೆ, ಆ ಎಣಿಕೆಯ ವಿರುದ್ಧದ ಸಾಕ್ಷ್ಯವನ್ನೂ ತನ್ನೊಳಗೇ ಉಳಿಸಿಕೊಂಡಿರುತ್ತದೆ. ಆ ಸಾಕ್ಷ್ಯ ಮರೆಯಾಗುವುದು ಎಷ್ಟೋ ಸಲ ವ್ಯಾಖ್ಯಾನದಲ್ಲಿ ಮತ್ತು ಅನುವಾದದಲ್ಲಿ.

ಇಲಿಯಡ್‌ನ ಕಥೆ ಆರಂಭವಾಗುವುದೇ ಇಬ್ಬರು ಸೆರೆಯಾಳುಗಳಿಂದ. ಅಪೊಲೊ ದೇವನ ಅರ್ಚಕ ಕ್ರಿಸೀಸ್ ತನ್ನ ಮಗಳನ್ನು ಬಿಡಿಸಿಕೊಳ್ಳಲು ಬಂದಾಗ ಅಗಮೆಮ್ನಾನ್ ಅವನನ್ನು ಗದರಿಸಿ ಅಟ್ಟುತ್ತಾನೆ. ಅವಳು ತನ್ನ ಮನೆಯಲ್ಲಿ ಮಗ್ಗದ ಮುಂದೆ ದುಡಿಯುತ್ತ, ತನ್ನ ಹಾಸಿಗೆಗೆ ಬರುತ್ತ ಮುದುಕಿಯಾಗುವಳೆಂದು ತಂದೆಯ ಎದುರೇ ನುಡಿಯುತ್ತಾನೆ. ಕಡೆಗೆ ಅವಳನ್ನು ಒಪ್ಪಿಸಲೇಬೇಕಾಗಿ ಬಂದಾಗ ಆ ನಷ್ಟಕ್ಕೆ ಪ್ರತಿಯಾಗಿ ಅಕಿಲೀಸನ ಪಾಲಿನ ಬ್ರಿಸೇಯಿಸ್‌ಳನ್ನು ಕಿತ್ತುಕೊಳ್ಳುತ್ತಾನೆ. ಕ್ರಿಸೇಯಿಸ್ ಎಂದರೆ ಕ್ರಿಸೀಸನ ಮಗಳು; ಬ್ರಿಸೇಯಿಸ್ ಎಂದರೆ ಬ್ರಿಸಿಯಸ್‌ನ ಮಗಳು. ತಂದೆಯ ಹೆಸರನ್ನು ತೆಗೆದರೆ ಇಬ್ಬರಿಗೂ ತಮ್ಮದೆಂಬ ಹೆಸರು ಉಳಿಯುವುದಿಲ್ಲ. ಕಾವ್ಯ ಬ್ರಿಸೇಯಿಸ್‌ಳನ್ನು ಕರೆಯುವ ಮುಖ್ಯ ಪದ ‘ಗೆರಾಸ್’. ಯುದ್ಧದ ಲೂಟಿಯಲ್ಲಿ ವೀರನಿಗೆ ಸಲ್ಲುವ ಗೌರವದ ಪಾಲು ಎಂದು ಅದರ ಅರ್ಥ. 9ನೆಯ ಸರ್ಗದಲ್ಲಿ ಅಗಮೆಮ್ನಾನ್ ಸಂಧಾನಕ್ಕೆ ಕಳಿಸುವ ಪಟ್ಟಿಯಲ್ಲಿ 7 ಮುಕ್ಕಾಲಿ ಪಾತ್ರೆ, 10 ಟ್ಯಾಲೆಂಟ್ ಚಿನ್ನ, 20 ಕೊಪ್ಪರಿಗೆ, 12 ಕುದುರೆಗಳ ನಂತರ ಲೆಸ್ಬೋಸ್ ದ್ವೀಪದ 7 ಹೆಂಗಸರು, ಅವರೊಡನೆ ಬ್ರಿಸೇಯಿಸ್.

ಅದೇ ಸರ್ಗದಲ್ಲಿ ಅಕಿಲೀಸ್ ಅವಳನ್ನು ಪತ್ನಿಯೆಂದು ಕರೆಯುತ್ತಾನೆ, ಈಟಿಯಿಂದ ಗೆದ್ದವಳಾದರೂ ಮನಸಾರೆ ಪ್ರೀತಿಸಿದೆನೆನ್ನುತ್ತಾನೆ. ಇದನ್ನು ಹಿಡಿದು ಇಬ್ಬರ ಸಂಬಂಧವನ್ನು ಪ್ರೇಮಕಥೆಯಾಗಿ ಓದಿದವರುಂಟು. ಆದರೆ 19ನೆಯ ಸರ್ಗದಲ್ಲಿ ಅಗಮೆಮ್ನಾನನೊಡನೆ ರಾಜಿಯಾಗುವಾಗ, ತಾನು ಅವಳ ಊರಾದ ಲಿರ್ನೆಸಸನ್ನು ಸೂರೆಗೊಂಡ ದಿನವೇ ಆರ್ಟೆಮಿಸ್ ದೇವಿಯ ಬಾಣ ತಗುಲಿ ಅವಳು ಸತ್ತಿದ್ದರೆ ಚೆನ್ನಾಗಿತ್ತೆಂದು ಹೇಳುವವನೂ ಅವನೇ. ಗೌರವದ ಲೆಕ್ಕ ಬದಲಾದೊಡನೆ ಪ್ರೀತಿಯ ಮಾತೂ ಬದಲಾಗುತ್ತದೆ. ಅವಳ ಮನಸ್ಸಿನ ಬಗ್ಗೆ ಮೊದಲ ಸರ್ಗ ಕೊಡುವ ಸುಳಿವು ಒಂದೇ ಪದ: ದೂತರೊಡನೆ ಅವಳು ‘ಒಲ್ಲದೆ’ ನಡೆದಳು.

ಇಡೀ ಕಾವ್ಯದಲ್ಲಿ ಬ್ರಿಸೇಯಿಸ್ ಒಮ್ಮೆ ಮಾತ್ರ ಬಾಯಿ ತೆರೆಯುತ್ತಾಳೆ. 19ನೆಯ ಸರ್ಗದಲ್ಲಿ ಪ್ಯಾಟ್ರೊಕ್ಲಸ್‌ನ ಶವದ ಮೇಲೆ ಬಿದ್ದು ಅಳುವ ಅವಳ ಪ್ರಲಾಪದಲ್ಲಿ ಅವಳ ಪೂರ್ವಕಥೆಯೆಲ್ಲ ಹೊರಬರುತ್ತದೆ. ಕಣ್ಣೆದುರೇ ಕೊಲೆಯಾದ ಗಂಡ, ಒಂದೇ ದಿನ ಸತ್ತ ಮೂವರು ಸಹೋದರರು, ಅಕಿಲೀಸನೊಡನೆ ವಿಧಿವತ್ತಾದ ಮದುವೆ ಮಾಡಿಸುವೆನೆಂದು ಸಂತೈಸಿದ್ದ ಪ್ಯಾಟ್ರೊಕ್ಲಸ್. ಗಂಡನನ್ನು ಕೊಂದವನ ಧರ್ಮಪತ್ನಿಯಾಗುವುದೇ ಅವಳಿಗೆ ಉಳಿದಿದ್ದ ಅತ್ಯುತ್ತಮ ಭವಿಷ್ಯ. ಅದೂ ಈಗ ಹೆಣವಾಗಿ ಮಲಗಿದೆ. ಅವಳ ಮಾತು ಮುಗಿದೊಡನೆ ಉಳಿದ ಸೆರೆಯಾಳು ಹೆಂಗಸರೂ ಅಳುತ್ತಾರೆ. ಹೊರಗೆ ಕಾಣುವುದು ಪ್ಯಾಟ್ರೊಕ್ಲಸ್‌ಗಾಗಿ ಅಳು. ಒಳಗೆ ಪ್ರತಿಯೊಬ್ಬಳೂ ತನ್ನ ತನ್ನ ದುಃಖಕ್ಕೆ ಅತ್ತಳೆಂದು ಹೋಮರ್ ಸೇರಿಸುತ್ತಾನೆ. ವೀರನಿಗಾಗಿ ಅಳುವ ಹಕ್ಕನ್ನಷ್ಟೇ ಪಡೆದವರು ಆ ಹಕ್ಕಿನ ಮರೆಯಲ್ಲಿ ತಮಗಾಗಿ ಅಳುವುದನ್ನು ಕವಿ ಗಮನಿಸಿದ್ದಾನೆ, ಮುಚ್ಚಿಡಲಿಲ್ಲ.

ಪ್ರಲಾಪಕ್ಕಿಂತ ಆಚೆಗೆ ಹೋದ ಮಾತನ್ನು ಮಾತ್ರ ಈ ಲೋಕ ಸಹಿಸುವುದಿಲ್ಲ. ಇಲಿಯಡ್‌ನ 6ನೆಯ ಸರ್ಗದಲ್ಲಿ ಕೋಟೆಯ ರಕ್ಷಣೆಯ ಬಗ್ಗೆ ಸಲಹೆ ಕೊಟ್ಟ ಆಂಡ್ರೊಮಕಿಗೆ, ಮನೆಗೆ ಹೋಗಿ ಮಗ್ಗವನ್ನೂ ಕದಿರನ್ನೂ ನೋಡಿಕೊ, ಯುದ್ಧ ಗಂಡಸರದು ಎನ್ನುತ್ತಾನೆ ಹೆಕ್ಟರ್. ಒಡಿಸ್ಸಿಯ ಮೊದಲ ಸರ್ಗದಲ್ಲಿ ಗಾಯಕನಿಗೆ ಬೇರೆ ಹಾಡನ್ನು ಹಾಡೆಂದ ಪೆನೆಲೊಪಿಗೆ ಮಗ ಟೆಲೆಮಾಕಸ್ ಹೆಚ್ಚುಕಡಿಮೆ ಅದೇ ಸಾಲುಗಳನ್ನು ನುಡಿಯುತ್ತಾನೆ. ‘ಯುದ್ಧ’ ಇದ್ದ ಜಾಗದಲ್ಲಿ ಈಗ ‘ಮೂಥೋಸ್’, ಅಂದರೆ ಮಾತು. 21ನೆಯ ಸರ್ಗದಲ್ಲಿ ಮೂರನೆಯ ಸಲ ಅವು ಬಂದಾಗ ಆ ಜಾಗಕ್ಕೆ ‘ಬಿಲ್ಲು’ ಬರುತ್ತದೆ. ಯುದ್ಧ, ಮಾತು, ಬಿಲ್ಲು ಮೂರೂ ಒಂದೇ ಛಂದಸ್ಸಿನ ಚೌಕಟ್ಟಿನಲ್ಲಿ ಕೂರುತ್ತವೆ. ಯಾವ ಕಥೆಯನ್ನು ಹಾಡಬೇಕೆಂದು ತೀರ್ಮಾನಿಸುವ ಅಧಿಕಾರವೂ ಆಯುಧಗಳಲ್ಲಿ ಒಂದೆಂಬ ತಿಳಿವಳಿಕೆ ಈ ಸೂತ್ರವಾಕ್ಯದಲ್ಲೇ ಅಡಗಿದೆ.

ಮೇಲಿನ ಮಾತುಗಳನ್ನು ಕೇಳಿದ ಪೆನೆಲೊಪಿ ಮೇಲಂತಸ್ತಿಗೆ ಹೋಗಬಹುದು. ಅವಳ ಮನೆಯ ಆಳು ಹೆಂಗಸರಿಗೆ ಹೋಗಲು ಎಡೆಯಿಲ್ಲ. ಒಡಿಸ್ಸಿಯ 22ನೆಯ ಸರ್ಗದಲ್ಲಿ, ಮನೆಯ 50 ಆಳು ಹೆಂಗಸರಲ್ಲಿ 12 ಮಂದಿ ದಾರಿತಪ್ಪಿದರೆಂದು ಮುದಿದಾದಿ ಯೂರಿಕ್ಲಿಯಾ ವರದಿ ಮಾಡುತ್ತಾಳೆ. ಅವರಿಂದಲೇ ಹೆಣಗಳನ್ನು ಹೊರಿಸಿ, ರಕ್ತ ತೊಳೆಸಿ, ಬಳಿಕ ಕತ್ತಿಯಿಂದ ಕೊಲ್ಲುವಂತೆ ಒಡಿಸಿಯಸ್ ಆಜ್ಞಾಪಿಸುತ್ತಾನೆ. ಅಂಥ ಶುದ್ಧವಾದ ಸಾವನ್ನು ಕೊಡಲಾರೆನೆಂದು ಟೆಲೆಮಾಕಸ್ ಅವರನ್ನು ಹಡಗಿನ ಹಗ್ಗಕ್ಕೆ ಸಾಲಾಗಿ ನೇಣು ಹಾಕುತ್ತಾನೆ. ಗೂಡಿಗೆ ಮರಳುವಾಗ ಬಲೆಗೆ ಸಿಕ್ಕ ಹಕ್ಕಿಗಳಿಗೆ ಕವಿ ಅವರನ್ನು ಹೋಲಿಸುತ್ತಾನೆ; ಅವರ ಕಾಲುಗಳು ಸ್ವಲ್ಪ ಹೊತ್ತು ಒದರಿ ನಿಂತುದನ್ನೂ ಹೇಳುತ್ತಾನೆ. ಇದೇ ಸರ್ಗದ ಆರಂಭದಲ್ಲಿ ಒಡಿಸಿಯಸ್ ಪೆನೆಲೊಪಿಯ ಕೈಹಿಡಿಯಲು ಬಂದ ರಾಜಕುಮಾರರ ಮೇಲೆ ಹೊರಿಸಿದ ಆರೋಪಗಳಲ್ಲಿ ಒಂದು, ಆಳು ಹೆಂಗಸರನ್ನು ಬಲಾತ್ಕಾರವಾಗಿ ಕೂಡಿದಿರಿ ಎಂಬುದು. ಆ ರಾಜಕುಮಾರರ ವಿಚಾರಣೆಯಲ್ಲಿ ಬಲಾತ್ಕಾರವಾದದ್ದು ಹೆಂಗಸರ ವಿಚಾರಣೆಯಲ್ಲಿ ವ್ಯಭಿಚಾರವಾಗುತ್ತದೆ. ಎರಡು ಹೇಳಿಕೆಗಳ ನಡುವೆ ನಾನೂರು ಸಾಲುಗಳ ಅಂತರವೂ ಇಲ್ಲ.

ಈ ವಿರೋಧವನ್ನು ಮೂಲ ಕಾವ್ಯ ಹಾಗೆಯೇ ಉಳಿಸಿದೆ. ಅದನ್ನು ಅಳಿಸಿದ್ದು ಅನುವಾದಗಳು. ನೇಣು ಹಾಕುವ ಮುನ್ನ ಟೆಲೆಮಾಕಸ್ ಆಡುವ ಮಾತಿನಲ್ಲಿ ಅವರನ್ನು ಸೂಚಿಸುವುದು ಬರಿಯ ಸ್ತ್ರೀಲಿಂಗದ ಸರ್ವನಾಮ. ರಾಬರ್ಟ್ ಫೇಗಲ್ಸ್ ಅವರ 1996ರ ಇಂಗ್ಲಿಷ್ ಅನುವಾದದಲ್ಲಿ ಆ ಸ್ಥಳದಲ್ಲಿ ಸೂಳೆಯರೆಂಬರ್ಥದ ಬೈಗುಳಗಳು ಬಂದು ಕೂತಿವೆ. ಒಡಿಸ್ಸಿಯನ್ನು ಪೂರ್ಣವಾಗಿ ಇಂಗ್ಲಿಷಿಗೆ ತಂದು ಪ್ರಕಟಿಸಿದ ಮೊದಲ ಮಹಿಳೆ ಎಮಿಲಿ ವಿಲ್ಸನ್ 2017ರಲ್ಲಿ ಆ ಬೈಗುಳಗಳನ್ನು ತೆಗೆದರು. ‘ಕೆಲಸದವರು’ ಎಂಬ ಮೆತ್ತನೆಯ ಪದದ ಬದಲು ‘ಗುಲಾಮರು’ ಎಂಬ ಪದವನ್ನೇ ಬಳಸಿದರು. ಕನ್ನಡದ ಅನುವಾದಕನ ಮುಂದೆಯೂ ಇದೇ ಆಯ್ಕೆ ಇದೆ. ‘ಸೇವಕಿ’ ಎಂದರೆ ಸಂಬಳವೂ ಬಿಟ್ಟುಹೋಗುವ ಸ್ವಾತಂತ್ರ್ಯವೂ ಇದ್ದಂತೆ ಕೇಳುತ್ತದೆ. ‘ದಾಸಿ’ ಎಂಬುದಕ್ಕೆ ಭಕ್ತಿಯ ಬಣ್ಣವೂ ಅಂಟಿದೆ. ‘ತೊತ್ತು’ ಎಂಬ ಹಳೆಯ ಪದದಲ್ಲಿ ಆಳುತನವೂ ಬೈಗುಳವೂ ಒಂದಾಗಿ ಬೆರೆತಿವೆ. ಯಾರ ಬಾಯಿಯಿಂದ ಬರುತ್ತಿದೆ ಎಂಬುದನ್ನು ನೋಡದೆ ಅದನ್ನು ಬಳಸಿದರೆ ಟೆಲೆಮಾಕಸನ ತೀರ್ಪನ್ನು ಅನುವಾದಕನೂ ಬರೆದುಕೊಟ್ಟಂತಾಗುತ್ತದೆ.

ರೋಮನ್ ಮಹಾಕಾವ್ಯದಲ್ಲಿ ಮೌನದ ಬಗೆ ಬೇರೆ. ವರ್ಜಿಲನ ಈನೀಡ್‌ನ 4ನೆಯ ಸರ್ಗದಲ್ಲಿ ಹೆಣ್ಣು ಚಂಚಲೆ ಎಂಬರ್ಥದ ಪ್ರಸಿದ್ಧ ಮಾತೊಂದಿದೆ. ಕವಿಯ ಅಭಿಪ್ರಾಯವೆಂಬಂತೆ ಅದನ್ನು ಉದ್ಧರಿಸುವ ರೂಢಿಯಿದ್ದರೂ, ಅದನ್ನು ಆಡುವವನು ಈನಿಯಸ್‌ನನ್ನು ಕಾರ್ತೇಜಿನಿಂದ ಹೊರಡಿಸಲು ಕನಸಿನಲ್ಲಿ ಬಂದ ಮರ್ಕ್ಯುರಿಯ ರೂಪ; ಆ ಕ್ಷಣದಲ್ಲಿ ಬಿಟ್ಟು ಹೊರಡುತ್ತಿರುವವನು ಈನಿಯಸ್. 6ನೆಯ ಸರ್ಗದ ಪಾತಾಳದಲ್ಲಿ ಅವನು ಕ್ಷಮೆ ಬೇಡುವಾಗ ಡೈಡೋ ಒಂದು ಮಾತನ್ನೂ ಆಡದೆ ಮುಖ ತಿರುಗಿಸಿ ಹೋಗುತ್ತಾಳೆ. ಇದು ಅವಳು ಆರಿಸಿಕೊಂಡ ಮೌನ. ಲವೀನಿಯಾಳದು ಹಾಗಲ್ಲ. ಇಡೀ ಇಟಲಿಯ ಯುದ್ಧ ಅವಳ ಮದುವೆಗಾಗಿ ನಡೆದರೂ ಅವಳಿಗೆ ಒಂದು ಮಾತೂ ಇಲ್ಲ. 12ನೆಯ ಸರ್ಗದಲ್ಲಿ ಅವಳ ಮುಖ ಕೆಂಪೇರುತ್ತದೆ, ಅಷ್ಟೆ. ಕಡುಗೆಂಪು ಬಣ್ಣ ಹಚ್ಚಿದ ಭಾರತದ ದಂತದಂತೆ ಎಂದು ವರ್ಜಿಲ್ ಹೋಲಿಸುತ್ತಾನೆ. ಬಣ್ಣ ಹಚ್ಚಿದ ದಂತದ ಈ ಉಪಮೆ ಇಲಿಯಡ್‌ನ 4ನೆಯ ಸರ್ಗದಿಂದ ಬಂದದ್ದು. ಅಲ್ಲಿ ಅದು ಬಾಣ ತಗುಲಿದ ಮೆನೆಲೌಸನ ತೊಡೆಯ ರಕ್ತಕ್ಕೆ ಹೋಲಿಕೆ. ಗಾಯದ ಉಪಮೆಯನ್ನು ಕನ್ಯೆಯ ಕೆನ್ನೆಗೆ ತಂದಿಟ್ಟ ಕವಿಗೆ ಆ ಮೌನದೊಳಗೆ ಗಾಯವಿರುವುದು ತಿಳಿಯದೆ ಇರಲಾರದು.

ಬ್ರಿಸೇಯಿಸ್‌ಳಿಗೆ ಎರಡನೆಯ ಬಾರಿ ಮಾತು ದೊರೆತದ್ದು ಓವಿಡ್‌ನ ಹೆರೋಯಿಡೆಸ್ ಕೃತಿಯಲ್ಲಿ. ಅದರ ಮೂರನೆಯ ಪತ್ರ ಅವಳು ಅಕಿಲೀಸನಿಗೆ ಬರೆದದ್ದು. ತಾನು ಪರದೇಶದವಳು, ತನ್ನ ಕೈಗೆ ಗ್ರೀಕ್ ಅಕ್ಷರ ಸರಿಯಾಗಿ ಒಲಿದಿಲ್ಲವೆಂದು ಅವಳು ಆರಂಭದಲ್ಲೇ ಹೇಳಿಕೊಳ್ಳುತ್ತಾಳೆ; ಹಾಳೆಯ ಮೇಲಿನ ಕಲೆಗಳು ಕಣ್ಣೀರಿನವೆನ್ನುತ್ತಾಳೆ. ಹೋಮರನ ಕಾವ್ಯದಲ್ಲಿ ಟ್ರಾಯ್ ಕಡೆಯವರೂ ಗ್ರೀಕರೂ ಅಡ್ಡಿಯಿಲ್ಲದೆ ಮಾತಾಡಿಕೊಳ್ಳುತ್ತಾರೆ. ಸೆರೆಯ ಹೆಣ್ಣು ಒಡೆಯನ ಭಾಷೆಯಲ್ಲಿ ಬೇಡಿಕೊಳ್ಳಬೇಕಾದ ಸಂಕಟವನ್ನು ಇಲ್ಲಿ ಕಂಡವನು ಓವಿಡ್. ಆದರೆ ಅರೆಬರೆ ಗ್ರೀಕಿಗಾಗಿ ಕ್ಷಮೆ ಕೇಳುವ ಆ ಪತ್ರ ಇರುವುದು ನುಣುಪಾದ ಲ್ಯಾಟಿನ್ ದ್ವಿಪದಿಗಳಲ್ಲಿ. ಅವಳು ತಡವರಿಸಿದ ಭಾಷೆಯೂ, ಅವಳ ಸ್ವಂತ ಭಾಷೆಯೂ ಆ ಸೊಗಸಿನ ಕೆಳಗೆ ಮುಚ್ಚಿಹೋಗಿವೆ. ಪ್ಯಾಟ್ ಬಾರ್ಕರ್ ಅವರ 2018ರ ಕಾದಂಬರಿ ‘ದಿ ಸೈಲೆನ್ಸ್ ಆಫ್ ದ ಗರ್ಲ್ಸ್’ ಬ್ರಿಸೇಯಿಸ್‌ಳಿಂದಲೇ ಕಥೆ ಹೇಳಿಸಿದರೂ ಅವಳು ಆಡುವುದು ಇಂಗ್ಲಿಷನ್ನೇ.

ಆದ್ದರಿಂದ ಈ ಕಾವ್ಯಗಳ ಸ್ತ್ರೀಯರಿಗೆ ಮಾತು ಕೊಟ್ಟೆವೆಂಬ ತೃಪ್ತಿಗೆ ವಿಮರ್ಶೆ ಬೇಗನೆ ಬರಬೇಕಾಗಿಲ್ಲ. ಎರಡು ಭಾಷೆಗಳ ನಡುವೆ ಕೆಲಸ ಮಾಡುವ ಓದುಗನಿಗೆ ಅದಕ್ಕಿಂತ ಮೊದಲಿನ ಕೆಲಸವೊಂದಿದೆ: ‘ಒಲ್ಲದೆ’ ಎಂಬ ಒಂದು ಪದವನ್ನು ಬಿಟ್ಟುಬಿಡದಿರುವುದು, ಇಲ್ಲದ ಬೈಗುಳವನ್ನು ಸೇರಿಸದಿರುವುದು, ನಾಲ್ಕು ಎತ್ತುಗಳ ಬೆಲೆಯನ್ನು ನಾಲ್ಕೆಂದೇ ಬರೆಯುವುದು.