ಪಟದ ಬೆನ್ನು: ‘ಅಜ್ಞಾತ ಕುಟುಂಬ’ಗಳ ಸಂಗ್ರಹವನ್ನು ಕುರಿತು

ಮುಂಬಯಿಯ ಚೋರ್ ಬಜಾರಿನಲ್ಲಿ ಹಳೆಯ ಸ್ಟುಡಿಯೋ ಪಟಗಳು ಬಿಡಿಬಿಡಿಯಾಗಿ ಸಿಗುತ್ತವೆ: ಕುರ್ಚಿಯಲ್ಲಿ ಹಿರಿಯರು, ಪಕ್ಕದಲ್ಲಿ ಬಿಗಿದು ನಿಂತ ಮಗು, ಹಿಂದೆ ಬಣ್ಣದ ಪರದೆ. ಸಂಗ್ರಾಹಕರು ಇವಕ್ಕೆ ‘ಅಜ್ಞಾತ ಕುಟುಂಬ’ವೆಂದು ಹೆಸರಿಟ್ಟು, ಆ ಅನಾಮಿಕತೆಯನ್ನೇ ಸೊಗಸೆಂದು ಬಗೆಯುತ್ತಾರೆ. ನನ್ನ ತಕರಾರು ಇಲ್ಲಿದೆ. ಅಜ್ಞಾತತೆ ಪಟದ ಗುಣವಲ್ಲ. ಪಟವು ಮನೆ ಬಿಟ್ಟ ಮೇಲೆ ಅದಕ್ಕೆ ಅಂಟಿದ್ದು.

ರೋಲಾಂ ಬಾರ್ತ್ 1980ರ ತನ್ನ ‘ಕ್ಯಾಮೆರಾ ಲೂಸಿಡಾ’ ಕೃತಿಯಲ್ಲಿ ತಾಯಿಯ ಬಾಲ್ಯದ ಪಟವೊಂದನ್ನು ದೀರ್ಘವಾಗಿ ಚರ್ಚಿಸಿಯೂ ಅದನ್ನು ಅಚ್ಚು ಹಾಕಲಿಲ್ಲ. ಪರರಿಗೆ ಅದು ಯಾವುದೋ ಒಂದು ಮಗುವಿನ ಪಟವಷ್ಟೇ ಆಗುತ್ತಿತ್ತು. ಗುಜರಿ ಅಂಗಡಿಯ ಪಟಕ್ಕೆ ಅಂಥ ಮಗನಿಲ್ಲ.

ಜತ್ತ ತಾಲ್ಲೂಕಿನ ಅಸಂಗಿಯಂಥ ಊರುಗಳಲ್ಲಿ ಈ ನಷ್ಟಕ್ಕೆ ಇನ್ನೊಂದು ಮಗ್ಗುಲಿದೆ. 1948ರಲ್ಲಿ ಜತ್ತ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1960ರಲ್ಲಿ ಈ ಸೀಮೆ ಮಹಾರಾಷ್ಟ್ರದ ಪಾಲಾಯಿತು. ಮನೆಮಾತು ಕನ್ನಡ, ಕಾಗದದ ಮಾತು ಮರಾಠಿ. ಮರಾಠಿ ಶಾಲೆ ಕಲಿತ ಮೊಮ್ಮಗನೊಬ್ಬ ಪಟದ ಬೆನ್ನಿಗೆ ದೇವನಾಗರಿಯಲ್ಲಿ ‘ಆಯಿ’ ಎಂದು ಬರೆದನೆನ್ನಿ. ಮರಾಠಿಯಲ್ಲಿ ಅದು ತಾಯಿ. ಈ ಗಡಿಸೀಮೆಯ ಕನ್ನಡದಲ್ಲಿ ಅಜ್ಜಿ. ಮನೆಮಾತರಿಯದ ಸೂಚಿಕಾರನ ಕೈಯಲ್ಲಿ ಒಂದು ತಲೆಮಾರೇ ಅಳಿಸಿಹೋಗುತ್ತದೆ. ‘ಮುತ್ಯಾ’ ಎಂದಿದ್ದರೆ ಮನೆಯ ಭಾಷೆ ಗುರುತಿಗೆ ಸಿಕ್ಕೀತು. ‘ಕಾಕಾ’ ಎಂದಿದ್ದರೆ ಅದೂ ಇಲ್ಲ, ಆ ಪದ ಎರಡೂ ಭಾಷೆಗಳದು.

ಅನುಷಾ ಯಾದವ್ 2010ರಲ್ಲಿ ಆರಂಭಿಸಿದ ‘ಇಂಡಿಯನ್ ಮೆಮರಿ ಪ್ರಾಜೆಕ್ಟ್’ ಪಟದೊಂದಿಗೆ ಕುಟುಂಬದ ಕಥನವನ್ನೂ ಕೇಳಿ ಪಡೆಯಿತು. ಅದರ ದೊಡ್ಡ ಗುಣವಿದು. ಆದರೆ ಕಥನ ಇಂಗ್ಲಿಷಿಗಿಳಿದಾಗ ಮಾಮಾ, ಕಾಕಾ ಇಬ್ಬರೂ ‘ಅಂಕಲ್’ ಆಗುತ್ತಾರೆ. ಸೋದರಮಾವನಿಗೇ ಹೆಣ್ಣು ಕೊಡುವ ರೂಢಿಯಿರುವ ನಾಡಿನಲ್ಲಿ ಇದು ಸಣ್ಣ ತಪ್ಪಲ್ಲ. ಪಟದಲ್ಲಿ ಹುಡುಗಿಯ ಪಕ್ಕ ನಿಂತವನು ಯಾರೆಂಬುದರ ಮೇಲೆ ಇಡೀ ಓದು ನಿಂತಿರುತ್ತದೆ.

ಆದ್ದರಿಂದ ಗಡಿಭಾಗದಲ್ಲಿ ಪಟ ಸಂಗ್ರಹಿಸುವವರು ಮುಖಕ್ಕಿಂತ ಮೊದಲು ಬೆನ್ನಿನ ಪ್ರತಿ ತೆಗೆಯಬೇಕು: ಸ್ಟುಡಿಯೋದ ಮೊಹರು, ಅದರ ಲಿಪಿ, ಪೆನ್ಸಿಲ್ ಬರಹ ಎಲ್ಲವನ್ನೂ. ಮೂಲಪಟ ಆ ಮನೆಯ ಗೋಡೆಯ ಮೇಲೆಯೇ ಇರಲಿ. ಪಟ ನೋಡುತ್ತ ಮನೆಯವರು ಆಡುವ ಮಾತನ್ನು, ಕನ್ನಡ ಮರಾಠಿ ಬೆರೆತಿದ್ದರೆ ಬೆರೆತಂತೆಯೇ, ಧ್ವನಿಮುದ್ರಿಸಿಕೊಳ್ಳಬೇಕು. ಅದನ್ನು ತಿದ್ದಿ ಶಿಷ್ಟಗೊಳಿಸುವ ನಮ್ಮ ಪಂಡಿತಚಟ ಅಲ್ಲಿ ಬೇಡ. ಅಂಚಿನಲ್ಲಿ ನಿಂತ ಮಗುವಿನ ಹೆಸರು ಯಾರಿಗೂ ನೆನಪಾಗದಿದ್ದರೆ ‘ಅಜ್ಞಾತ’ ಎಂದು ಬರೆದು ಕೈತೊಳೆದುಕೊಳ್ಳದೆ, ಯಾರನ್ನು ಕೇಳಿದೆವು, ಎಂದು ಕೇಳಿದೆವು, ಅವರು ಏನೆಂದರು ಎಂಬುದನ್ನು ಅವರ ಮಾತಿನಲ್ಲೇ ದಾಖಲಿಸಲಿ.